ವಾಪಸು ಬರುವವರ ಕಾಗದ

ವ್ಯಾಪಾರದ ವೀಸಾಕ್ಕೆ ಎಷ್ಟು ಕಾಗದ ಕೊಟ್ಟರೂ ಅವೆಲ್ಲ ಉತ್ತರ ಹೇಳಬೇಕಾದದ್ದು ಒಂದೇ ಪ್ರಶ್ನೆಗೆ: ಹೋದವನು ವಾಪಸು ಬರುತ್ತಾನೋ ಇಲ್ಲವೋ? ನೀಲಗಿರಿಯ ಕೂನೂರಿನ ಹತ್ತಿರದ ನಮ್ಮ ಹುಬ್ಬತಲೈಯಂಥ ಬಡಗರ ಹಟ್ಟಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ನಮ್ಮ ಕುಲದೇವತೆ ಹೆತ್ತೆಯ ಹಬ್ಬಕ್ಕೆ ಬೆಂಗಳೂರಿನವರೂ ಕೊಯಮತ್ತೂರಿನವರೂ ಬಂದೇ ಬರುತ್ತಾರೆ; ಸಾವಿನ ಸುದ್ದಿ ಮುಟ್ಟಿದರೆ ರಾತ್ರೋರಾತ್ರಿ ಘಾಟಿ ಹತ್ತುತ್ತಾರೆ. ಆದರೆ ಅದಕ್ಕೆ ಯಾರ ಸಹಿಯೂ ಇಲ್ಲ, ಮೊಹರೂ ಇಲ್ಲ.

ನಮ್ಮದು ಆರ್ಥೊಡಾಕ್ಸ್ ಚಹಾ ಮಾಡುವ ಸಣ್ಣ ಘಟಕ. ಚಳಿಗಾಲದಲ್ಲಿ, ಬೆಳಗಿನ ಹೊತ್ತು ಹುಲ್ಲಿನ ಮೇಲೆಲ್ಲ ಹಿಮ ಕೂತಿರುವ ದಿನಗಳಲ್ಲಿ, ಗಿಡ ನಿಧಾನವಾಗಿ ಚಿಗುರುತ್ತದೆ. ಆ ಎಲೆಯನ್ನು ಬಾಡಿಸಿ ಹೊರಳಿಸಿದಾಗ ಬರುವ ಪರಿಮಳ ಮಳೆಗಾಲದ ಎಲೆಗೆ ಬರುವುದಿಲ್ಲ. ಅದನ್ನು ಕೊಳ್ಳುವವರು ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದಾರೆ. ಮಿತಿ ಗೊತ್ತುಮಾಡದ ಕೀಟನಾಶಕ ಕಿಲೋಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಇರಕೂಡದೆಂಬುದು ಯುರೋಪಿನ ಸಾಮಾನ್ಯ ನಿಯಮ. ಇಂಥ ಮಾತನ್ನು ಫೋನಿನಲ್ಲಿ ಮುಗಿಸಲಾಗುವುದಿಲ್ಲ. ಎದುರು ಕೂತು, ಬಟ್ಟಲು ಸಾಲಾಗಿಟ್ಟು, ರುಚಿ ನೋಡಿ ಆಡಬೇಕು. ಅದಕ್ಕೇ ವೀಸಾ.

ಚಹಾದ ಪೊಟ್ಟಣಕ್ಕೆ ಪ್ರಯೋಗಾಲಯದ ಒಂದು ಪ್ರಮಾಣಪತ್ರ ಸಾಕು, ಮಾಡಿದವನಿಗೆ ಸಾಲದು. ಕೊಳ್ಳುವವರ ಆಹ್ವಾನ ಪತ್ರ, ನಮ್ಮ ಲೆಟರ್‌ಹೆಡ್ಡಿನಲ್ಲಿ ವಿವರಣೆ, ಜಿಎಸ್‌ಟಿ ನೋಂದಣಿ, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 30,000 ಯೂರೋ ಭರಿಸುವ ಪ್ರಯಾಣ ವಿಮೆ, ಊರಿಗೆ ಮರಳಿದ ಮೇಲೂ ಮೂರು ತಿಂಗಳು ಬಾಳುವ ಪಾಸ್‌ಪೋರ್ಟ್. ಜರ್ಮನಿಯೂ ಸೇರಿ ಯುರೋಪಿನ ಅನೇಕ ದೇಶಗಳಿಗೆ ಸಲ್ಲುವ ಶೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಇವೆಲ್ಲ ಹೇಗೋ ಹೊಂದುತ್ತವೆ. ಹೊಂದದಿರುವುದು ಎರಡು: ಹೆಸರು ಮತ್ತು ಜಮೀನು.

ಮೊದಲು ಹೆಸರಿನ ಮಾತು. ನಮ್ಮದೇ ಹಟ್ಟಿಯ ರಾವ್ ಬಹದ್ದೂರ್ ಎಚ್.ಬಿ. ಆರಿ ಗೌಡರನ್ನೇ ನೋಡಿ. 1935ರಲ್ಲಿ ನೀಲಗಿರಿ ಸಹಕಾರಿ ಮಾರಾಟ ಸಂಘ ಕಟ್ಟಿ, ಬೆಳೆಗಾರನ ಆಲೂಗಡ್ಡೆಗೆ ನ್ಯಾಯದ ಬೆಲೆ ಸಿಗಲಿ ಎಂದು ದುಡಿದವರು. 1930ರ ದಶಕದಲ್ಲಿ ಭಾರತದ ಸ್ಕೌಟ್ ತಂಡದ ಮುಂದಾಳಾಗಿ ಯುರೋಪಿನ ವಿಶ್ವ ಜಾಂಬೂರಿಗೆ ಹೋಗಿಬಂದವರು. ಅವರ ಎಚ್ ಎಂದರೆ ಹುಬ್ಬತಲೈ, ಬಿ ಎಂದರೆ ತಂದೆ ಬೆಳ್ಳಿ ಗೌಡರು. ಆ ಎರಡಕ್ಷರ ಕೇಳಿದರೆ ಸಾಕು, ಮನುಷ್ಯ ಯಾವ ಹಟ್ಟಿಯವನು, ಯಾರ ಮಗ ಎಂದು ಇಡೀ ಬೆಟ್ಟಕ್ಕೆ ತಿಳಿಯುತ್ತಿತ್ತು. ಈಗಲೂ ನಮ್ಮಲ್ಲಿ ಅನೇಕರ ಹೆಸರು ಹೀಗೆಯೇ ಇದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಮ್ಮ ಹೆಸರು ಮನೆತನದ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಹೆಸರು ಗೊತ್ತಿಲ್ಲ, ಎಂದು ಅಚ್ಚಾಗುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವೇಶವಿಲ್ಲ ಎಂದಿತು. ಆಮೇಲೆ, ತಂದೆಯ ಅಥವಾ ಮನೆತನದ ಹೆಸರು ಎರಡನೆಯ ಪುಟದಲ್ಲಿದ್ದರೆ ಆದೀತು ಎಂದು ಸಡಿಲಿಸಿತು. ಊರನ್ನೂ ತಂದೆಯನ್ನೂ ಹೆಸರಿನ ಮುಂದೆ ಹೊತ್ತು ನಡೆಯುವ ಜನಕ್ಕೆ ಹೆಸರು ಗೊತ್ತಿಲ್ಲ ಎನ್ನಿಸಿಕೊಳ್ಳುವುದು ನೋವಿನ ಸಂಗತಿ.

ಜಮೀನಿನದು ಇನ್ನೂ ಕಷ್ಟ. ಕೂನೂರಿನ ಆಡಿಟರ್ ಕಡತ ತಿರುವುತ್ತ ಕೇಳಿದರು, "ಅಣ್ಣಾ, ಪಟ್ಟಾ ಯಾರ ಹೆಸರಲ್ಲಿದೆ?"

"ತಾತನ ಹೆಸರಲ್ಲಿದೆ. ನಾವು ಅಣ್ಣತಮ್ಮಂದಿರೆಲ್ಲ ಸೇರಿ ಅನುಭವಿಸುತ್ತಿದ್ದೇವೆ."

"ಹಾಗಾದರೆ ನಿಮ್ಮದು ಅಂತ ತೋರಿಸಲು ಏನೂ ಇಲ್ಲ."

ಅವರು ಹೇಳಿದ್ದು ಕಾಗದದ ಮಟ್ಟಿಗೆ ಸರಿ. ನನ್ನನ್ನು ಊರಿಗೆ ಕಟ್ಟಿಹಾಕಿರುವುದು ಮಾತ್ರ ಆ ಪಾಲಾಗದ ಜಮೀನೇ. ಪಾಲಾಗಿದ್ದರೆ ನನ್ನ ಪಾಲು ಮಾರಿ ಹೋಗಿಬಿಡಬಹುದಿತ್ತು.

1967ರ ಏಪ್ರಿಲ್‌ವರೆಗೆ ವೀಸಾಕ್ಕಿಂತ ಹಿಂದಿನ ಮೆಟ್ಟಿಲಾದ ಪಾಸ್‌ಪೋರ್ಟಿನಲ್ಲೇ ಕಾಲು ಎಡವಬಹುದಿತ್ತು. ಸತ್ವಂತ್ ಸಿಂಗ್ ಸಾಹ್ನಿ ಎಂಬ ಆಮದು-ರಫ್ತು ವ್ಯಾಪಾರಿಗೆ ಸರ್ಕಾರ ಪಾಸ್‌ಪೋರ್ಟ್ ಹಿಂತಿರುಗಿಸಲು ಹೇಳಿತು. ಹೊರದೇಶಕ್ಕೆ ಹೋಗದೆ ನನ್ನ ವ್ಯಾಪಾರ ನಡೆಯದು ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. ಹೊರದೇಶ ಪ್ರಯಾಣವೂ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಹೇಳಿದರು. ಅದೇ ವರ್ಷದ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. ಸರಕು ಮಾರಲು ಹೊರಟವನೊಬ್ಬ ಎಲ್ಲರಿಗೂ ಗೆದ್ದುಕೊಟ್ಟ ಹಕ್ಕು ಅದು. ವೀಸಾ ಹಾಗಲ್ಲ, ಅದು ಇನ್ನೊಬ್ಬರ ಮನೆ ಬಾಗಿಲು. ಆದರೂ ಶೆಂಗೆನ್ ದೇಶಗಳು ನಿರಾಕರಿಸಿದಾಗ ಕಾರಣವನ್ನು ಬರೆದು ಕೊಡುತ್ತವೆ, ಮೇಲ್ಮನವಿಗೂ ಅವಕಾಶವಿದೆ. ಬಾಗಿಲು ಮುಚ್ಚುವಾಗಲೂ ಏಕೆಂದು ಹೇಳುವ ಆ ಮರ್ಯಾದೆ ನನಗೆ ದೊಡ್ಡದಾಗಿ ಕಾಣುತ್ತದೆ.

ಕೊನೆಗೆ ವಿವರಣಾ ಪತ್ರದಲ್ಲಿ ಇದ್ದದ್ದನ್ನೇ ಬರೆದೆ: ಜಮೀನು ತಾತನ ಹೆಸರಲ್ಲಿದೆ, ಅಣ್ಣತಮ್ಮಂದಿರ ಒಪ್ಪಿಗೆ ಪತ್ರ ಜೊತೆಗಿದೆ, ಖಾತೆಗೆ ಹಣ ಹಂಗಾಮಿನಲ್ಲಿ ಬರುತ್ತದೆ, ಬಿಲ್ಲುಗಳು ಇಲ್ಲಿವೆ, ನಾನಿಲ್ಲದಿದ್ದರೆ ಎಲೆ ಬಾಡಿಸುವ ಹದ ನೋಡುವವರಿಲ್ಲ, ಆದ್ದರಿಂದ ಇಂಥ ದಿನ ಮರಳುತ್ತೇನೆ. ಮೇಟ್ಟುಪಾಳಯದಿಂದ ರಾತ್ರಿ ರೈಲು ಹತ್ತಿ ಚೆನ್ನೈಗೆ ಹೋಗಿ, ಬೆರಳಚ್ಚು ಒತ್ತಿ ಬಂದೆ. ವೀಸಾ ಬಂತು.

ಈಗ ಚಹಾ ಮಾಡಲು ಹೊರಟ ಹುಡುಗರು ಕೇಳಿಕೊಂಡು ಬಂದರೆ, ಮೊದಲು ಪಾಸ್‌ಪೋರ್ಟಿನಲ್ಲಿ ಹೆಸರಿನ ಎರಡೂ ಅಂಕಣ ತುಂಬಿಸಿ ಎನ್ನುತ್ತೇನೆ. ಹಟ್ಟಿಯ ಹೆಸರನ್ನೇ ಮನೆತನದ ಜಾಗದಲ್ಲಿ ಹಾಕಿಸಿದ ಒಬ್ಬ ಹುಡುಗನ ಅರ್ಜಿಯನ್ನು ಮೊನ್ನೆ ನಾನೇ ಕೂತು ತುಂಬಿಕೊಟ್ಟೆ.