ಯಮಕನಮರಡಿಯಿಂದ ಯಾವ ದ್ವೀಪಕ್ಕೆ?

ಬೆಳಗಾವಿಯನ್ನು ದಾಟಿ ಕೊಲ್ಲಾಪುರದ ಕಡೆಗೆ ಹೆದ್ದಾರಿಯಲ್ಲಿ ಧಾವಿಸುವ ಪ್ರಯಾಣಿಕರಿಗೆ ಯಮಕನಮರಡಿ ಎಂಬುದು ಕಿಟಕಿಯಾಚೆ ಕ್ಷಣಕಾಲ ಕಂಡು ಮರೆಯಾಗುವ ಒಂದು ನಾಮಫಲಕ ಮಾತ್ರ. ಹುಕ್ಕೇರಿ ತಾಲ್ಲೂಕಿಗೆ ಸೇರಿದ ಈ ಊರಿನ ಹೆಸರಿನಲ್ಲಿಯೇ ಒಂದು ಮರಡಿ, ಎಂದರೆ ದಿಬ್ಬ, ಕುಳಿತಿದೆ. ಸುತ್ತ ಕಬ್ಬಿನ ಹೊಲಗಳು, ಅಲ್ಲಲ್ಲಿ ಬೋಳುಗುಡ್ಡಗಳು. ಕಡಲಿನ ನೆನಪು ತರುವಂಥದು ಇಲ್ಲಿ ಏನೂ ಇಲ್ಲ. ಆದರೂ ಭೂಪಟವನ್ನು ಹರಡಿ ಅಳೆದು ನೋಡಿದರೆ ವೆಂಗುರ್ಲೆಯ ಸಮುದ್ರತೀರಕ್ಕೆ ಇಲ್ಲಿಂದ ಕಾಗೆ ಹಾರುವ ದೂರ ನೂರು ಕಿಲೋಮೀಟರಿನ ಆಸುಪಾಸು ಎಂಬುದು ತಿಳಿದು ಆಶ್ಚರ್ಯವಾಗುತ್ತದೆ. ನಡುವೆ ಸಹ್ಯಾದ್ರಿ ನಿಂತುಬಿಟ್ಟಿದೆ. ಅದರ ಈಚೆ ಹುಟ್ಟಿದ ಘಟಪ್ರಭೆಯು ಕೈಯಳತೆಯಲ್ಲಿರುವ ಪಶ್ಚಿಮದ ಕಡಲಿಗೆ ಬೆನ್ನು ತಿರುಗಿಸಿ, ಕೃಷ್ಣೆಯನ್ನು ಕೂಡಿಕೊಂಡು, ಇಡೀ ದಖ್ಖನವನ್ನು ದಾಟಿ ಬಂಗಾಳ ಉಪಸಾಗರವನ್ನು ಹುಡುಕಿಕೊಂಡು ಹೋಗುತ್ತದೆ. ಈ ಸೀಮೆಯ ಜನರೂ ಬಹುಕಾಲ ಹಾಗೆಯೇ ನಡೆದುಕೊಂಡರು. ಪಂಢರಪುರಕ್ಕೆ ಹೋದರು, ಸವದತ್ತಿಯ ಗುಡ್ಡಕ್ಕೆ ಹೋದರು, ಸಮುದ್ರಕ್ಕೆ ಹೋಗಲಿಲ್ಲ.

ಈಗ ಕಾಲ ಬದಲಾಗಿದೆ. ಏಪ್ರಿಲಿನಲ್ಲಿ ಶಾಲೆಗಳಿಗೆ ರಜೆ ಬಿಟ್ಟೊಡನೆ ಮಕ್ಕಳು ಕೇಳುವ ಮೊದಲ ಪ್ರಶ್ನೆ, 'ಈ ಸಲ ಎಲ್ಲಿಗೆ?' ಎಂಬುದೇ ಆಗಿದೆ. ಯಮಕನಮರಡಿಯ ಒಂದು ಮನೆಯನ್ನೇ ತೆಗೆದುಕೊಳ್ಳೋಣ. ಯಜಮಾನರು ಶಾಲೆಯ ಮಾಸ್ತರರು. ಅವರ ಪತ್ನಿ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ತಾಯಿ. ತಾಯಿಯ ತವರು ಹಿಡಕಲ್ ಜಲಾಶಯದ ತಳದಲ್ಲಿದೆ. 1970ರ ದಶಕದಲ್ಲಿ ಘಟಪ್ರಭೆಗೆ ಅಡ್ಡಲಾಗಿ ಎದ್ದ ಅಣೆಕಟ್ಟು, ಎಂದರೆ ಇಂದಿನ ರಾಜಾ ಲಖಮಗೌಡ ಜಲಾಶಯ, ಲಕ್ಷಾಂತರ ಎಕರೆಗೆ ನೀರುಣಿಸಿತೆಂಬುದು ನಿಜ. ಕೆಲವು ಊರುಗಳನ್ನು ಅದು ನೀರಿನೊಳಗೆ ಇಟ್ಟುಕೊಂಡಿತೆಂಬುದೂ ಅಷ್ಟೇ ನಿಜ. ಹುನ್ನೂರಿನ ವಿಠ್ಠಲನ ಗುಡಿ ಇಂದಿಗೂ ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರು ಇಳಿದಂತೆ ಮೆಲ್ಲನೆ ಮೇಲೆದ್ದು ಬರುತ್ತದೆ. ಆಗ ಸುತ್ತಲ ಹಳ್ಳಿಗಳ ಜನ ಹೋಗಿ ದರ್ಶನ ಮಾಡಿ ಬರುವುದುಂಟು.

ಈ ಮನೆಯಲ್ಲಿ ದ್ವೀಪದ ಮಾತು ಹುಟ್ಟಿದ್ದು ಜರ್ಮನಿಯಲ್ಲಿ ಎಂಜಿನಿಯರಾಗಿರುವ ಅಳಿಯನೊಬ್ಬನು ಕಳಿಸಿದ ಚಿತ್ರಗಳಿಂದ. ಬೆಳ್ಳನೆಯ ಗೋಡೆಗಳು, ನೀಲಿಯ ಗುಮ್ಮಟಗಳು, ಕೆಳಗೆ ಇನ್ನೂ ನೀಲಿಯಾದ ಕಡಲು. ಗ್ರೀಸ್ ದೇಶದ ಸ್ಯಾಂಟೊರಿನಿ! ಮಕ್ಕಳು ಅದನ್ನು ಕಂಡದ್ದೇ ತಡ, ದ್ವೀಪವೇ ಆಗಬೇಕೆಂದು ಹಟ ಹಿಡಿದರು. ಮಾಸ್ತರರ ಸಂಬಳಕ್ಕೆ ಗ್ರೀಸು ದೂರದ ಮಾತು. ಆದರೆ ಆ ಅಳಿಯನು ಫೋನಿನಲ್ಲಿ ಹೇಳಿದ ಒಂದು ಸಂಗತಿ ಮಾತ್ರ ಬೆಲೆಯುಳ್ಳದ್ದು. ಗ್ರೀಸಿನಲ್ಲಿ ಸಣ್ಣದು ದೊಡ್ಡದು ಸೇರಿ ಆರು ಸಾವಿರದಷ್ಟು ದ್ವೀಪಗಳಿವೆ. ಜನವಸತಿ ಇರುವವು ಇನ್ನೂರಕ್ಕೆ ಸ್ವಲ್ಪ ಹೆಚ್ಚು. ಹೊಸಬರು ಚಿತ್ರ ನೋಡಿ ಸ್ಯಾಂಟೊರಿನಿಗೆ ಓಡುತ್ತಾರೆ. ಸುಮಾರು 3,600 ವರ್ಷಗಳ ಹಿಂದೆ ಸಿಡಿದ ಜ್ವಾಲಾಮುಖಿಯ ಅಂಚಿನ ಮೇಲೆ ಕುಳಿತ ಆ ಊರುಗಳು ನೋಡಲು ಅದ್ಭುತ. ಆದರೆ ಕಡಲು ನೂರಾರು ಅಡಿ ಕೆಳಗೆ, ತೀರದ ಮರಳು ಕಪ್ಪು, ಬಿಸಿಲಿಗೆ ಕಾದರೆ ಕಾಲಿಡಲಾಗದು, ಜನಜಂಗುಳಿ ಹೇಳತೀರದು. 2025ರ ಫೆಬ್ರವರಿಯಲ್ಲಿ ಅಲ್ಲಿ ಮೇಲಿಂದ ಮೇಲೆ ಭೂಕಂಪಗಳಾಗಿ ಸಾವಿರಾರು ಜನ ದ್ವೀಪವನ್ನೇ ತೊರೆದು ಹೋಗಬೇಕಾಯಿತು. ಮಕ್ಕಳುಮರಿಗಳೊಡನೆ ನಾಲ್ಕು ದಿನ ಮರಳಿನಲ್ಲಿ ಸುಮ್ಮನೆ ಕೂತು ಬರಬೇಕೆನ್ನುವವರು ಅದರ ಬದಲು ನಾಕ್ಸೊಸ್ ದ್ವೀಪಕ್ಕೆ ಹೋಗುತ್ತಾರೆ. ಅಲ್ಲಿ ಉದ್ದಾನುದ್ದ ಮರಳ ತೀರ, ಆಳವಿಲ್ಲದ ನೀರು, ದ್ವೀಪದಲ್ಲಿಯೇ ಬೆಳೆದ ಆಲೂಗಡ್ಡೆ, ಅಲ್ಲಿಯೇ ಮಾಡಿದ ಗಿಣ್ಣು. ಚಿತ್ರದ ದ್ವೀಪ ಒಂದು, ವಿಶ್ರಾಂತಿಯ ದ್ವೀಪ ಇನ್ನೊಂದು ಎಂದಾಯಿತು.

ಗ್ರೀಸಿನ ಪ್ರವಾಸಿಗಳ ಹಬ್ಬದ ಕಾಲ ಜುಲೈ, ಆಗಸ್ಟ್. ಆಗ ಅಲ್ಲಿ ಮಳೆಯ ಸುಳಿವೇ ಇರದು. ಉತ್ತರದಿಂದ ಬೀಸುವ 'ಮೆಲ್ಟೆಮಿ' ಎಂಬ ಗಾಳಿಯೊಂದೇ ತೊಡಕು. ನಮ್ಮ ಪಶ್ಚಿಮ ಕರಾವಳಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಜೂನ್ ಮೊದಲ ವಾರದಲ್ಲಿ ಮುಂಗಾರು ಕಾಲಿಟ್ಟಿತೆಂದರೆ ಕಡಲು ರುದ್ರರೂಪ ತಾಳುತ್ತದೆ. ಯಂತ್ರದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ದ್ವೀಪಗಳಿಗೆ ಪ್ರವಾಸಿಗಳನ್ನು ಒಯ್ಯುವ ದೋಣಿಗಳೂ ದಡ ಸೇರುತ್ತವೆ. ಆದ್ದರಿಂದ ನಮ್ಮವರಿಗೆ ಉಳಿಯುವುದು ಏಪ್ರಿಲ್ ಮತ್ತು ಮೇ ತಿಂಗಳ ಮೊದಲರ್ಧ. ಮೇ ಕೊನೆಗೆ ಅಲೆ ಏಳತೊಡಗುತ್ತದೆ. ಆಗ 'ಇನ್ನೂ ಮಳೆ ಬಂದಿಲ್ಲವಲ್ಲ' ಎಂದು ಹೊರಡುವುದು ಜಾಣತನವಲ್ಲ.

ಹಾಗಾದರೆ ನಮ್ಮ ತೀರದಲ್ಲಿ ದ್ವೀಪಗಳಿಗೆ ಬಡತನವೇ? ಖಂಡಿತ ಇಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಹೆಸರನ್ನು ಕೇಳದವರು ವಿರಳ. 1498ರಲ್ಲಿ ವಾಸ್ಕೊ ಡ ಗಾಮನು ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂದು ಪ್ರತೀತಿ. ಅದಕ್ಕಿಂತ ಹಿರಿದಾದ ಕಥೆ ಅಲ್ಲಿನ ಬಂಡೆಗಳದು. ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಎಂದರೆ ಎಂಟೂವರೆ ಕೋಟಿ ವರ್ಷಗಳಿಗೂ ಹಿಂದೆ, ಉಕ್ಕಿದ ಲಾವಾ ತಣ್ಣಗಾಗುತ್ತ ಸೀಳಿ, ಐದಾರು ಮೂಲೆಗಳ ಕಂಬಗಳಾಗಿ ನಿಂತಿದೆ. ಬಡಗಿ ಕೆತ್ತಿ ಜೋಡಿಸಿಟ್ಟ ತೊಲೆಗಳಂತೆ ಕಾಣುವ ಈ ಕಂಬಗಳನ್ನು ಭೂವಿಜ್ಞಾನ ಇಲಾಖೆಯು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ನೋಡಲೇಬೇಕಾದ ಸ್ಥಳವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಮಕನಮರಡಿಯಿಂದ ಅದು ಒಂದು ಇಡೀ ರಾತ್ರಿಯ ಪ್ರಯಾಣ. ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ದಡದಲ್ಲಿ ಮರಳಿಗಿಂತ ಕಪ್ಪೆಚಿಪ್ಪುಗಳೂ ಬಂಡೆಗಳೂ ಹೆಚ್ಚು. ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳಲು ಹೋಗಿ ಕಾಲು ಜಾರಿದವರುಂಟು. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೀರುಪಾಲಾದ ಸುದ್ದಿಯನ್ನು ಮಾಸ್ತರರು ಮರೆತಿರಲಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ತೀರದಲ್ಲಿ ಶಾಲಾಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರನ್ನು ಅಲೆ ಎಳೆದೊಯ್ದ ಮೇಲಂತೂ ಕಡಲೆಂದರೆ ಅವರ ಎದೆ ಡವಗುಟ್ಟುತ್ತಿತ್ತು. ಅವರೇ ಒಂದು ಶಾಲೆಯ ಮಕ್ಕಳನ್ನು ಕಾಯುವವರಲ್ಲವೇ? ಬಯಲುನಾಡಿನ ಮಕ್ಕಳು ಕೆರೆಯಲ್ಲಿ ಈಜು ಕಲಿತಿದ್ದರೂ ಹಿಂದಕ್ಕೆ ಸೆಳೆಯುವ ಅಲೆಯ ಗುಣವನ್ನು ಅರಿಯರು. ಕಾಲ ಕೆಳಗಿನ ಮರಳೇ ಸರಿದುಹೋಗುವ ಆ ಅನುಭವ ಅವರಿಗೆ ಮೊದಲು ಆಟವಾಗಿ ತೋರುತ್ತದೆ.

ಮುರ್ಡೇಶ್ವರದಿಂದ ಹತ್ತು ಹನ್ನೆರಡು ಮೈಲಿ ಒಳಗಿರುವ ನೇತ್ರಾಣಿಯು ಮುಳುಗುಗಾರರ ಸ್ವರ್ಗ. ಹವಳ, ಬಣ್ಣಬಣ್ಣದ ಮೀನು, ತಿಳಿನೀರು. ಆದರೆ ಅದರ ಸೊಗಸೆಲ್ಲ ನೀರಿನ ಕೆಳಗೆ. ಮೊಮ್ಮಕ್ಕಳನ್ನೂ ಅಜ್ಜಿಯನ್ನೂ ಕಟ್ಟಿಕೊಂಡು ಹೋಗುವ ಜಾಗ ಅದಲ್ಲ. ಹೊನ್ನಾವರದ ಎದುರಿನ ಬಸವರಾಜದುರ್ಗದಲ್ಲಿ ಕೆಳದಿಯ ನಾಯಕರು ಕೆಂಪು ಜಂಬಿಟ್ಟಿಗೆಯ ಕೋಟೆ ಕಟ್ಟಿದ್ದಾರೆ; ಅದು ಇತಿಹಾಸಪ್ರಿಯರಿಗೆ.

ಕಾರವಾರದ ಕಡಲಿನಲ್ಲಂತೂ ದ್ವೀಪಗಳ ಮಾಲೆಯೇ ಇದೆ. ಅವುಗಳಲ್ಲಿ ಹಿರಿಯ ಹೆಸರಿನದು ಅಂಜದೀವ. ಕಾರವಾರದ ತೀರಕ್ಕೆ ಅಂಟಿಕೊಂಡಂತಿದ್ದರೂ ಆಡಳಿತದಲ್ಲಿ ಅದು ಗೋವೆಗೆ ಸೇರಿದ್ದು. 1505ರಲ್ಲಿ ಪೋರ್ತುಗೀಜರ ಅಲ್ಮೇಡನು ಅಲ್ಲಿ ಕೋಟೆ ಕಟ್ಟಿಸಿದನು. 1662ರಲ್ಲಿ ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷ್ ಪಡೆಗೆ ಪೋರ್ತುಗೀಜರು ಊರನ್ನು ಬಿಟ್ಟುಕೊಡಲೊಲ್ಲದೆ ಹೋದಾಗ, ಸರ್ ಅಬ್ರಹಾಂ ಶಿಪ್‌ಮನ್ನನ ಸೈನಿಕರು ಈ ದ್ವೀಪದಲ್ಲಿ ಕಾಯುತ್ತ ಕುಳಿತರು. ಕಾದು ಕಾದು ನೂರಾರು ಮಂದಿ ರೋಗದಿಂದ ಸತ್ತರು. 1664ರಲ್ಲಿ ಶಿಪ್‌ಮನ್ನನೂ ಅಲ್ಲಿಯೇ ಕಣ್ಣುಮುಚ್ಚಿದನು. ದ್ವೀಪದಲ್ಲಿ ವಿಹಾರ ಬಯಸುವವರು ಈ ಕಥೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು! 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ಕಾಲಕ್ಕೆ ನಮ್ಮ ನೌಕಾದಳದ ಏಳು ಮಂದಿ ಇಲ್ಲಿ ಪ್ರಾಣತೆತ್ತರು. ಇಂದು ಅದು ಕದಂಬ ನೌಕಾನೆಲೆಯ ಭಾಗ, ಪ್ರವಾಸಿಗಳಿಗೆ ಪ್ರವೇಶವಿಲ್ಲ. ಕೂರ್ಮಗಡಕ್ಕೆ ನರಸಿಂಹದೇವರ ಜಾತ್ರೆಯಲ್ಲಿ ದೋಣಿಗಟ್ಟಲೆ ಜನ ಹೋಗುತ್ತಾರೆ. ಆದರೆ ಜಾತ್ರೆ ಪುಷ್ಯದ ಹುಣ್ಣಿಮೆಗೆ, ಮಕ್ಕಳ ರಜೆ ವೈಶಾಖಕ್ಕೆ. ಇನ್ನು ಕಾಳಿ ನದಿಯ ಮುಖದಲ್ಲಿರುವ ದೇವಬಾಗ. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ದ್ವೀಪವಲ್ಲ, ನದಿಗೂ ಕಡಲಿಗೂ ನಡುವೆ ಚಾಚಿದ ಮರಳ ನಾಲಗೆ. ಗಾಳಿಮರಗಳ ತೋಪು, ಕೆಳಗೆ ನೆರಳು, ಎದುರಿಗೆ ಗುಡ್ಡಗಳು ಕಡಲಿಗೆ ಇಳಿಯುವ ನೋಟ. ತರುಣ ರವೀಂದ್ರನಾಥ ಠಾಕೂರರು ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದಾಗ ಕಾರವಾರಕ್ಕೆ ಬಂದು ಈ ಕಾಳಿಯಲ್ಲಿ ದೋಣಿ ವಿಹಾರ ಮಾಡಿ ಮನಸೋತದ್ದು ಪ್ರಸಿದ್ಧವಾಗಿದೆ. ಖಾನಾಪುರ, ರಾಮನಗರ, ಜೋಯಿಡಾ, ಅಣಶಿ ಘಟ್ಟದ ದಾರಿಯಾಗಿ ಹೋದರೆ ಕಾಡಿನ ಚೆಲುವೂ ಸಿಗುತ್ತದೆ. ಮಾಸ್ತರರ ಪತ್ನಿಯ ಮನಸ್ಸು ಇದರ ಮೇಲೆಯೇ ಇತ್ತು. ತೋಪಿನೊಳಗಿನ ವಸತಿಗೃಹದ ಬಾಡಿಗೆಯನ್ನು ವಿಚಾರಿಸಿದ ಮೇಲೆ ಆ ಮನಸ್ಸು ತಾನಾಗಿ ಹಿಂದೆ ಸರಿಯಿತು.

ಇಷ್ಟೆಲ್ಲ ಚರ್ಚೆ ನಡೆದಾಗಲೂ ಆ ಹಿರಿಯ ಜೀವ ಬಾಯಿ ಬಿಟ್ಟಿರಲಿಲ್ಲ. ಕಡೆಗೊಮ್ಮೆ ಮಗನು, "ಅವ್ವಾ, ನೀ ಬರ್ತಿ ಹೌದಿಲ್ಲೋ?" ಎಂದು ಕೇಳಿದಾಗ ಆಕೆ ಹೇಳಿದ್ದು ಇಷ್ಟು: "ನೀವು ಹೋಗಿ ಬರ್ರಿ. ನೀರ ನೋಡಾಕ ಅಷ್ಟ ದೂರ ಯಾಕ ಬರಲಿ? ನಮ್ಮೂರ ನುಂಗಿದ ನೀರ ಇಲ್ಲೇ ಐತೆಲ್ಲಾ."

ಆಕೆಯನ್ನು ಬಿಟ್ಟುಹೋಗುವುದು ಯಾರಿಗೂ ಒಪ್ಪಿಗೆಯಾಗಲಿಲ್ಲ.

ಆಗ ಭೂಪಟದ ಮೇಲೆ ಮಾಸ್ತರರ ಬೆರಳು ಬೇರೆ ದಾರಿಯನ್ನು ಹಿಡಿಯಿತು. ಯಮಕನಮರಡಿಯಿಂದ ಹೆದ್ದಾರಿಯಲ್ಲಿ ಸಂಕೇಶ್ವರ. ಅಲ್ಲಿಂದ ಎಡಕ್ಕೆ ಹೊರಳಿದರೆ ಗಡಹಿಂಗ್ಲಜ, ಆಜರೆ, ಆಂಬೋಲಿ. ಸಂಕೇಶ್ವರದ ಪಕ್ಕದಲ್ಲಿ ಹರಿದು ಮುಂದೆ ಘಟಪ್ರಭೆಯನ್ನು ಸೇರುವ ಹಿರಣ್ಯಕೇಶಿ ನದಿ ಹುಟ್ಟುವುದು ಇದೇ ಆಂಬೋಲಿಯಲ್ಲಿ. ಗುಹೆಯೊಂದರಿಂದ ತಣ್ಣಗೆ ಹೊರಬರುವ ಆ ನೀರಿನ ಬಳಿ ಒಂದು ಗುಡಿಯೂ ಇದೆ. ಆಂಬೋಲಿಯ ಘಟ್ಟ ಇಳಿದರೆ ಸಾವಂತವಾಡಿ, ಮುಂದೆ ಮಾಲವಣ. ಬೆಳಗಿನ ಜಾವ ಹೊರಟವರು ಮಧ್ಯಾಹ್ನದ ಊಟಕ್ಕೆ ಕಡಲ ತೀರದಲ್ಲಿರಬಹುದು.

ಮಾಲವಣದ ಎದುರಿನ ದ್ವೀಪವೇ ಸಿಂಧುದುರ್ಗ. ಕುರ್ಟೆ ಎಂಬ ಬಂಡೆಯ ನಡುಗಡ್ಡೆಯನ್ನು ಆಯ್ದು ಶಿವಾಜಿ ಮಹಾರಾಜರು 1664ರಲ್ಲಿ ಕೋಟೆಯ ಕೆಲಸಕ್ಕೆ ಕೈಹಾಕಿದರು. ಮೂರು ವರ್ಷಗಳಲ್ಲಿ ಅದು ಮುಗಿಯಿತು. ಸುಮಾರು 48 ಎಕರೆಯ ಈ ಕೋಟೆಯ ಬಾಗಿಲು ಹತ್ತಿರ ಬರುವ ತನಕ ಕಣ್ಣಿಗೆ ಬೀಳದಂತೆ ಗೋಡೆಯ ಮಡಿಕೆಯೊಳಗೆ ಅಡಗಿದೆ. ಒಳಗೆ ಮಹಾರಾಜರ ಗುಡಿಯಿದೆ. ಜೆಟ್ಟಿಯಿಂದ ದೋಣಿಯ ಪಯಣ ಕೆಲವೇ ನಿಮಿಷಗಳದು. ಅಲೆಯ ಹೊಡೆತವನ್ನು ಬಂಡೆಗಳು ತಡೆಯುವುದರಿಂದ ವಯಸ್ಸಾದವರಿಗೂ ಕಷ್ಟವಲ್ಲ. ಆದರೂ ತೇಲುವ ಅಂಗಿಯನ್ನು ಎಲ್ಲರೂ ಕಟ್ಟಿಕೊಳ್ಳಬೇಕು, ದೋಣಿ ತುಂಬಿ ತುಳುಕುತ್ತಿದ್ದರೆ ಮುಂದಿನದಕ್ಕೆ ಕಾಯಬೇಕು. 2022ರ ಮೇ ತಿಂಗಳಲ್ಲಿ ಹತ್ತಿರದ ತಾರಕರ್ಲಿಯಲ್ಲಿ ಪ್ರವಾಸಿಗಳ ದೋಣಿ ಮುಳುಗಿ ಪ್ರಾಣಹಾನಿಯಾದದ್ದು ಹಳೆಯ ಮಾತೇನಲ್ಲ. ಮರಳಲ್ಲಿ ಆಡುವುದಕ್ಕೆ ಆ ತಾರಕರ್ಲಿಯ ಬಿಳಿಯ ತೀರವೇ ಇದೆ. ಅದರ ತುದಿಯಲ್ಲಿ ಕರ್ಲಿ ನದಿ ಕಡಲು ಸೇರುವಲ್ಲಿಯೂ ಒಂದು ದೇವಬಾಗ! ಅಲ್ಲಿಯ ಮರಳದಿಬ್ಬವೊಂದನ್ನು, 2004ರ ಸುನಾಮಿಯ ಹೊತ್ತಿಗೆ ಎದ್ದಿತೆಂದು ಹೇಳುತ್ತ, ಜನ ಸುನಾಮಿ ದ್ವೀಪವೆಂದೇ ಕರೆಯುತ್ತಾರೆ. ಮನೆಗಳಲ್ಲಿಯೇ ಕೋಣೆ ಕೊಟ್ಟು, ಅಕ್ಕಿರೊಟ್ಟಿಯನ್ನೂ ಸೋಲಕಡಿಯನ್ನೂ ಬಡಿಸುವ ಪದ್ಧತಿಯಿರುವುದರಿಂದ ಕಿಸೆಗೂ ಹೊರೆಯಾಗದು. ಗ್ರೀಸಿನ ನಾಕ್ಸೊಸಿಗೆ ಸಾಟಿಯಾದುದು ಹುಕ್ಕೇರಿ ಸೀಮೆಯವರಿಗೆ ಇದೇ ಎನ್ನಬೇಕು.

ಮಕ್ಕಳು ಇದನ್ನೆಲ್ಲ ಅಜ್ಜಿಗೆ ಓದಿ ಹೇಳುತ್ತಿದ್ದರು. ಕೋಟೆಯ ಮಾತು ಆಕೆಯ ಕಿವಿಗೆ ಬಿದ್ದಂತೆ ತೋರಲಿಲ್ಲ. ಆದರೆ ಸಿಂಧುದುರ್ಗದೊಳಗೆ ಮೂರು ಬಾವಿಗಳಿವೆ, ದೂಧ್ ಬಾವ್, ಸಾಖರ್ ಬಾವ್, ದಹೀ ಬಾವ್ ಎಂದು ಅವುಗಳ ಹೆಸರು, ಸುತ್ತಲೂ ಉಪ್ಪುನೀರಿದ್ದರೂ ಅವುಗಳ ನೀರು ಸಿಹಿ ಎಂಬುದನ್ನು ಕೇಳಿದಾಗ ಆಕೆ ಕೈಯಲ್ಲಿದ್ದ ಬತ್ತಿಯನ್ನು ಹೊಸೆಯುವುದು ಬಿಟ್ಟಳು.

"ಕಡಲ ನಡುವ ಸಿಹಿನೀರ? ಬಾವಿ ಮುಳುಗೂದಿಲ್ಲೇನ?"

"ಇಲ್ಲ ಆಯಿ. ಮುನ್ನೂರೈವತ್ತು ವರ್ಷ ಆತು, ಹಂಗೇ ಅದಾವ."

"ಕುಡಿಯಾಕ ಬರತೈತಿ?"

"ಅಲ್ಲಿದ್ದ ಮಂದಿ ಅದನ್ನ ಕುಡದ ಬದುಕ್ಯಾರಂತ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೊಸೆಯ ಕಡೆಗೆ ತಿರುಗಿ, ದಾರಿಗೆ ಬೇಕಾದ ಖಡಕ್ ರೊಟ್ಟಿಯನ್ನು ಎರಡು ದಿನ ಮೊದಲೇ ಬಡಿದಿಟ್ಟುಕೊಳ್ಳಬೇಕೆಂದೂ, ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಹೆಚ್ಚು ಹಾಕಬೇಕೆಂದೂ, ಒಂದು ಸಣ್ಣ ಹಿತ್ತಾಳೆಯ ತಂಬಿಗೆ ತನಗೆ ಬೇಕೆಂದೂ ಹೇಳಿದಳು. ಹೊರಡುವ ದಿನವನ್ನು ಮಾಸ್ತರರು ಏಪ್ರಿಲ್ ಕೊನೆಯ ವಾರಕ್ಕೆ ಗೊತ್ತುಮಾಡಿದರು. ಹೋಗುವಾಗ ಆಂಬೋಲಿಯಲ್ಲಿ ಹಿರಣ್ಯಕೇಶಿಯ ಗುಡಿಯ ಬಳಿ ಅರ್ಧಗಂಟೆ ನಿಲ್ಲುವುದೆಂದೂ ನಿಶ್ಚಯವಾಯಿತು.