ಶ್ರೇಷ್ಠ ದಾಳಿಗಾರ ಯಾರು?

ಲೋಕದಲ್ಲಿ ಕೆಲವು ವಾದಗಳಿಗೆ ಮುಕ್ತಾಯವೆಂಬುದೇ ಇಲ್ಲ. ಬಿಸಿ ರೊಟ್ಟಿ ಮೇಲೋ ಕಡಕ್ ರೊಟ್ಟಿ ಮೇಲೋ ಎಂಬ ಪ್ರಶ್ನೆ ನಮ್ಮ ಹಿರಿಯರ ಕಾಲದಿಂದಲೂ ಇತ್ಯರ್ಥವಾಗದೆ ಉಳಿದಿದೆ. ಅಂಥದೇ ಒಂದು ವಾದ ನಮ್ಮ ವಸತಿಗೃಹದ ಕೋಣೆಯೊಂದರಲ್ಲಿ ಮೂರು ವರ್ಷಗಳಿಂದ ನಡೆದುಬಂದಿದೆ: ಕಬಡ್ಡಿಯಲ್ಲಿ ಇದುವರೆಗಿನ ಅತ್ಯಂತ ಶ್ರೇಷ್ಠ ದಾಳಿಗಾರ ಯಾರು?

ವಾದಿಗಳು ಮೂವರು. ವಸತಿಗೃಹದಲ್ಲಿ ನಮ್ಮ ಹೆತ್ತವರಿಟ್ಟ ಹೆಸರುಗಳಿಗೆ ಚಲಾವಣೆಯಿಲ್ಲ. ತಾಲೂಕಿನ ಹೆಸರೇ ನಮ್ಮ ಹೆಸರು. ನಾನು ಆಳಂದ. ಉಳಿದಿಬ್ಬರು ಅಫಜಲಪುರ ಮತ್ತು ಜೇವರ್ಗಿ. ಪರೀಕ್ಷೆಯ ಹಿಂದಿನ ರಾತ್ರಿಯೂ ಈ ಮೂರು ತಾಲೂಕುಗಳ ನಡುವೆ ಕದನವಿರಾಮವಾದದ್ದನ್ನು ಯಾರೂ ಕಂಡಿಲ್ಲ.

ಅಫಜಲಪುರದವನು ಅರ್ಥಶಾಸ್ತ್ರದ ವಿದ್ಯಾರ್ಥಿ. ಅವನ ನಂಬಿಕೆಯೆಲ್ಲ ಅಂಕಿಗಳ ಮೇಲೆ. “ಲೆಕ್ಕ ನೋಡ್ರೋ, ಲೆಕ್ಕ ಸುಳ್ಳ ಹೇಳಂಗಿಲ್ಲ” ಎಂದು ಮೊಬೈಲನ್ನು ನಮ್ಮ ಮೂಗಿನ ಬಳಿ ಹಿಡಿಯುತ್ತಾನೆ. ಅವನ ದೇವರು ಪ್ರದೀಪ್ ನರ್ವಾಲ್. 2015ರಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿ ಪ್ರೊ ಕಬಡ್ಡಿಗೆ ಕಾಲಿಟ್ಟು, ಪಟ್ನಾ ತಂಡ ಸತತ ಮೂರು ಸಲ ಗೆಲ್ಲುವಾಗ ಅದರ ಬೆನ್ನೆಲುಬಾಗಿ ನಿಂತು, 2017ರ ಒಂದೇ ಆವೃತ್ತಿಯಲ್ಲಿ 369 ದಾಳಿ ಅಂಕ ಗಳಿಸಿದವರು ಅವರು. ಅದೇ ವರ್ಷ ಹರಿಯಾಣದ ಎದುರು ಒಂದೇ ಪಂದ್ಯದಲ್ಲಿ 34 ದಾಳಿ ಅಂಕ. ಕೈಕೈ ಹಿಡಿದು ಸರಪಳಿಯಾಗಿ ನಿಂತವರ ತೋಳಿನ ಕೆಳಗೆ ಮೀನಿನಂತೆ ಮುಳುಗಿ ಆಚೆ ಏಳುವ ಅವರ ‘ಡುಬ್ಕಿ’ಯನ್ನು ಅಫಜಲಪುರದವನು ಭೀಮಾ ನದಿಯ ಮರಳಿನಲ್ಲಿ ಅಭ್ಯಾಸ ಮಾಡಲು ಹೋಗಿ ಹುಬ್ಬು ಹರಿದುಕೊಂಡದ್ದುಂಟು. 2025ರಲ್ಲಿ ನರ್ವಾಲ್ ನಿವೃತ್ತರಾದ ದಿನ ಅವನು ಊಟ ಮಾಡಲಿಲ್ಲ.

ಜೇವರ್ಗಿಯವನಿಗೆ ಒಟ್ಟು ಮೊತ್ತ ಮುಖ್ಯವಲ್ಲ. “ದಿನಾ ನೂರು ರೂಪಾಯಿ ಗಳಸಾಂವ ಬ್ಯಾರೆ, ಮನಿ ಹರಾಜಿಗೆ ಬಂದ ದಿನ ರೊಕ್ಕ ತರಾಂವ ಬ್ಯಾರೆ” ಎನ್ನುವುದು ಅವನ ಸಿದ್ಧಾಂತ. ಆದ್ದರಿಂದ ಅವನ ಮತ ಪವನ್ ಸೆಹ್ರಾವತ್‌ಗೆ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿತು. ಆ ಮೂವತ್ತೆಂಟರಲ್ಲಿ ಇಪ್ಪತ್ತೆರಡು ಪವನ್ ಒಬ್ಬರವೇ.

ನಾನು ಹಿಡಿದದ್ದು ಅನೂಪ್ ಕುಮಾರರ ಪಕ್ಷ. 2016ರ ಅಕ್ಟೋಬರಿನಲ್ಲಿ ಅಹಮದಾಬಾದಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಅರ್ಧ ಆಟ ಮುಗಿದಾಗ ಇರಾನ್ 18, ಭಾರತ 13. ಅನೂಪ್ ನಾಯಕರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೊನೆಗೆ 38–29ರಿಂದ ಗೆದ್ದೆವು. ಆ ದಿನ 12 ಅಂಕ ತಂದವರು ಅಜಯ್ ಠಾಕೂರ್ ಎಂದು ಗೆಳೆಯರು ನನ್ನನ್ನು ಮೂದಲಿಸುತ್ತಾರೆ. ಆದರೆ ಹಿಂದೆ ಬಿದ್ದಾಗ ಕಂಗೆಡದಿರುವುದೂ ಒಂದು ಅಂಕವೇ ಎಂದು ನನ್ನ ವಾದ.

ಒಂದು ದಿನ ಈ ಕದನ ತರಗತಿಗೂ ಹರಿಯಿತು. ಮುಂದಿನ ಬೆಂಚಿನ ಸಹಪಾಠಿನಿಯೊಬ್ಬಳು ತಿರುಗಿ, “ನಿಮ್ಮ ಪಟ್ಟಿಯೊಳಗ ಹೆಣ್ಣುಮಕ್ಕಳು ಯಾಕಿಲ್ಲ? 2011ರಾಗ ತೇಜಸ್ವಿನಿ ಬಾಯಿ, 2014ರಾಗ ಕಾರ್ಕಳ ತಾಲೂಕಿನ ಮಮತಾ ಪೂಜಾರಿ, ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಾವ. ಇಬ್ಬರೂ ನಮ್ಮ ರಾಜ್ಯದವರೇ” ಎಂದಳು. ಮೂರು ತಾಲೂಕುಗಳೂ ಬಾಯಿ ಮುಚ್ಚಿದವು.

ಅಷ್ಟರಲ್ಲಿ ಇತಿಹಾಸದ ಅಧ್ಯಾಪಕರು ಬಂದರು. ನಮ್ಮ ವಾದವನ್ನು ಬಾಗಿಲಲ್ಲೇ ಕೇಳಿಸಿಕೊಂಡಿದ್ದರು. “ನಿಮ್ಮ ಕಬಡ್ಡಿಯ ಇತಿಹಾಸ ಯಾವಾಗ ಪ್ರಾರಂಭವಾಗುತ್ತದಪ್ಪಾ?” ಎಂದು ಕೇಳಿದರು. “2014ರಲ್ಲಿ ಸರ್, ಪ್ರೊ ಕಬಡ್ಡಿ ಆರಂಭವಾದಾಗ” ಎಂದ ಅಫಜಲಪುರದವನು. ಅವರು ನಕ್ಕರು. 1990ರಲ್ಲೇ ಬೀಜಿಂಗಿನ ಏಷ್ಯಾ ಕ್ರೀಡಾಕೂಟದಲ್ಲಿ ಭಾರತಕ್ಕೆ ಕಬಡ್ಡಿಯ ಚಿನ್ನ ಬಂದಿತ್ತು. ನಮ್ಮ ನಾಡಿನ ಸಿ. ಹೊನ್ನಪ್ಪನವರಿಗೆ 2000ದ, ಬಿ. ಸಿ. ರಮೇಶರಿಗೆ 2001ರ ಅರ್ಜುನ ಪ್ರಶಸ್ತಿ ಸಂದಿತ್ತು. “ಅವರ ಒಂದೊಂದು ದಾಳಿಯ ಲೆಕ್ಕ ನಿನ್ನ ಮೊಬೈಲಿನಲ್ಲಿದೆಯೇ? ಬರೆದಿಡದೆ ಹೋದದ್ದು ನಡೆದೇ ಇಲ್ಲ ಎನ್ನಬೇಡಿ. ಬರೆದದ್ದೆಲ್ಲ ನಡೆದಿದೆ ಎಂದೂ ನಂಬಬೇಡಿ” ಎಂದು ಹೇಳಿ ಹಾಜರಿ ಪುಸ್ತಕ ತೆರೆದರು.

ಉಳಿದವರು ಆ ಮಾತನ್ನು ಅಲ್ಲಿಗೇ ಮರೆತರು. ನಾನು ಮರೆಯಲಾರದೆ ಹೋದೆ. ಅದಕ್ಕೆ ಕಾರಣವನ್ನು ಈಗ ಹೇಳಬೇಕು.

ಕಳೆದ ವರ್ಷದ ಅಂತರ ಕಾಲೇಜು ಪಂದ್ಯ ನಮ್ಮ ಓದುಗರಿಗೆ ನೆನಪಿರಬಹುದು. ಎರಡೂ ಕಡೆ 27 ಅಂಕ. ಕೊನೆಯ ದಾಳಿ ನನ್ನದು. ಎದುರಿಗೆ ಐವರು. ನಾನು ಬಲ ಮೂಲೆಯ ಹುಡುಗನ ಕಾಲಿಗೆ ಕಾಲು ಚಾಚಿದೆ. ಅವನು ಹಿಂದಕ್ಕೆ ಜಿಗಿದ. ಧೂಳೆದ್ದಿತು. ನಾನು ತಿರುಗಿ ನಡುಗೆರೆ ದಾಟಿ ಒಂದು ಬೆರಳೆತ್ತಿದೆ. ಆ ಹುಡುಗ “ಮುಟ್ಟಿಲ್ಲ ಸರ್, ಮುಟ್ಟಿಲ್ಲ” ಎಂದು ಕೂಗಿದ. ತೀರ್ಪುಗಾರರು ಒಂದು ಗಳಿಗೆ ನನ್ನ ಮುಖ ನೋಡಿದರು. ಎತ್ತಿದ ಬೆರಳನ್ನು ನಾನು ಇಳಿಸಲಿಲ್ಲ. ಸೀಟಿ ಊದಿತು. ನಾವು 28–27ರಿಂದ ಗೆದ್ದೆವು. ಗೆಳೆಯರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಮ್ಮ ಕಾಲೇಜಿನ ಶ್ರೇಷ್ಠ ದಾಳಿಗಾರನೆಂಬ ಬಿರುದು ಅಂದಿನಿಂದ ನನಗೆ ಅಂಟಿತು.

ನಾನು ಆ ಹುಡುಗನನ್ನು ಮುಟ್ಟಿರಲಿಲ್ಲ.

ಎರಡು ಬೆರಳಷ್ಟು ಅಂತರವಿತ್ತು. ಅದು ಅವನಿಗೂ ನನಗೂ ಮಾತ್ರ ಗೊತ್ತಿತ್ತು. ಹೊರಗೆ ಬರುವಾಗ ಅವನು ನನ್ನನ್ನು ಬಯ್ಯಲಿಲ್ಲ. ಸುಮ್ಮನೆ ತನ್ನ ಕಾಲನ್ನೊಮ್ಮೆ ನೋಡಿಕೊಂಡು, ಆಮೇಲೆ ನನ್ನನ್ನು ನೋಡಿದ.

ಆ ವಾರ ಪದಕವನ್ನು ಹಿಡಿದು ಊರಿಗೆ ಹೋದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರಿಗೆ ಅಕ್ಷರ ಬಾರದು. ತೊಗರಿ ರಾಶಿಯ ಕೆಲಸ ಮುಗಿಸಿ ಬಂದು ಕೈ ತೊಳೆದು, ಪದಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಪ್ರಶಸ್ತಿ ಪತ್ರವನ್ನು ಓದಿ ಹೇಳೆಂದರು. ಓದಿದೆ. ಅವರೂ ಹರೆಯದಲ್ಲಿ ಆಡಿದವರು. ಗಡಿಯ ಕಡೆಯವರಾದ್ದರಿಂದ ಅದನ್ನು ಹುತುತು ಎನ್ನುತ್ತಾರೆ. ಜಾತ್ರೆಯ ದಿನ ಕೊಯ್ದ ಹೊಲದಲ್ಲಿ ಬೂದಿಯಿಂದ ಗೆರೆ ಎಳೆದು ಆಡುತ್ತಿದ್ದರಂತೆ. ನಾನು ಕೇಳಿದೆ: “ಅಂಪೈರ್ ಯಾರಿರ್ತಿದ್ರಪ್ಪಾ?”

“ಅಂಪೈರ್ ಎಲ್ಲಿಂದ ಬರ್ತಾನ? ದಮ್ಮ ಮುರದದ್ದು ಮುರದಾಂವಗೇ ಮೊದಲ ಗೊತ್ತಾಗ್ತದ. ಅಂವ ತಾನೇ ಹೊರಗ ನಡೀತಿದ್ದ. ಹಂಗ ನಡದಾಂವಗ ಊರಾಗ ದೊಡ್ಡ ಮರ್ಯಾದಿ” ಎಂದರು. ಬಳಿಕ ಸಹಜವಾಗಿಯೇ ಕೇಳಿದರು: “ನೀ ಎಷ್ಟ ಸಲ ನೀನಾಗೇ ಹೊರಗ ನಡದಿ ಮಗಾ?”

ನಾನು ನೀರು ಕುಡಿಯಲೆಂದು ಒಳಗೆ ಹೋದೆ. ಪದಕವನ್ನು ಅವರು ದೇವರ ಜಗುಲಿಯ ಪಕ್ಕದ ಮೊಳೆಗೆ ತೂಗುಹಾಕಿದರು. ಪ್ರತಿಸಲ ಊರಿಗೆ ಹೋದಾಗಲೂ ಅದು ಅಲ್ಲೇ ಇರುತ್ತದೆ, ನಾನು ಆ ಗೋಡೆಗೆ ಬೆನ್ನು ಮಾಡಿ ಊಟಕ್ಕೆ ಕೂರುತ್ತೇನೆ.

ಈ ಲೇಖನ ಬರೆಯುವ ಮೊದಲು ವಿಷಯವನ್ನು ನಮ್ಮ ದೈಹಿಕ ಶಿಕ್ಷಣದ ಅಧ್ಯಾಪಕರಿಗೆ ತಿಳಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. “ಬರಿ” ಎಂದಷ್ಟೇ ಹೇಳಿದರು. ಕೋಣೆಯಲ್ಲಿ ಹೇಳಿದಾಗ ಮೂರು ವರ್ಷಗಳಲ್ಲಿ ಮೊದಲ ಸಲ ನಿಜವಾದ ಜಗಳ ನಡೆಯಿತು. “ಕೊಟ್ಟಾಂವ ಅಂಪೈರ್. ನಿನ್ನದೇನ ತಪ್ಪು? ಉಳಿದ ಆರು ಮಂದಿ ಗೆಲುವನ್ನೂ ನೀ ಕಳದಿ” ಎಂದು ಅಫಜಲಪುರದವನು ಸಿಟ್ಟಾದ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಆರು ಮಂದಿಯ ಕ್ಷಮೆಯನ್ನೂ ಇಲ್ಲಿಯೇ ಬೇಡುತ್ತೇನೆ. ಜೇವರ್ಗಿಯವನು ಗೋಡೆಯ ಕಡೆ ತಿರುಗಿ ಮಲಗಿದ. ದೀಪ ಆರಿಸಿದ ಮೇಲೆ, “ಊರಾಗ ಅಪ್ಪಗ ಹೇಳಿದ್ಯಾ?” ಎಂದು ಕೇಳಿದ. ಇನ್ನೂ ಹೇಳಿಲ್ಲ ಎಂದೆ.

ಶ್ರೇಷ್ಠ ದಾಳಿಗಾರ ಯಾರೆಂಬುದನ್ನು ನಾನು ತೀರ್ಮಾನಿಸಲಾರೆ. ನರ್ವಾಲ್, ಪವನ್, ಅನೂಪ್, ಮಮತಾ, ಯಾರನ್ನಾದರೂ ವಾಚಕರು ಆರಿಸಿಕೊಳ್ಳಲಿ. ನಮ್ಮ ಕಾಲೇಜಿನ ಪಟ್ಟಿಯಿಂದ ಮಾತ್ರ ನನ್ನ ಹೆಸರನ್ನು ತೆಗೆದುಬಿಡಬೇಕೆಂದು ಪ್ರಾರ್ಥನೆ. ಈ ಸಂಚಿಕೆಯ ಒಂದು ಪ್ರತಿಯನ್ನು ಆ ಹುಡುಗನ ಕಾಲೇಜಿಗೆ ಕಳಿಸುವುದಾಗಿ ನಮ್ಮ ಗ್ರಂಥಪಾಲಕರು ಒಪ್ಪಿದ್ದಾರೆ. ಅವನ ಹೆಸರು ನನಗೆ ತಿಳಿಯದು. ಅಂದು ಬಲ ಮೂಲೆಯಲ್ಲಿ ನಿಂತಿದ್ದವನು ನೀನೇ ಆಗಿದ್ದರೆ, ಗೆಳೆಯಾ, ಆ ಪಂದ್ಯದ ಅಂಕ 27–27.

ಬೇಸಿಗೆ ರಜೆಗೆ ಊರಿಗೆ ಹೋದಾಗ ಈ ಲೇಖನವನ್ನು ತಂದೆಯವರಿಗೂ ಓದಿ ಹೇಳಬೇಕಾಗಿದೆ.