ಎಡಿನ್‌ಬರೋದ ಅಕ್ಷರಗಾತಿ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ರೈಲಿನಿಂದ ಇಳಿದವರನ್ನು ಮೊದಲು ಸೆಳೆಯುವುದು ಕಡಿದಾದ ಕರಿಬಂಡೆಯ ಮೇಲೆ ಕುಳಿತಿರುವ ಕೋಟೆ. ಸುಮಾರು 34 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಜ್ವಾಲಾಮುಖಿಯ ಕೊಳವೆಯಲ್ಲಿ ಶಿಲಾರಸ ಹೆಪ್ಪುಗಟ್ಟಿ ಉಳಿದ ಗೂಟವೇ ಆ ಬಂಡೆ. ಹಿಮಯುಗದಲ್ಲಿ ಪಶ್ಚಿಮದಿಂದ ಸರಿದು ಬಂದ ಹಿಮನದಿ ಅದನ್ನು ಕೊರೆಯಲಾರದೆ ಎರಡು ಬದಿಗೂ ಒಡೆದು ಹೋಯಿತು. ಬಂಡೆಯ ಮರೆಯಲ್ಲಿದ್ದ ಮೆದು ಕಲ್ಲು ಪೂರ್ವಕ್ಕೆ ಬಾಲದಂತೆ ಇಳಿಜಾರಾಗಿ ಉಳಿದುಕೊಂಡಿತು. ಆ ಬಾಲದ ಬೆನ್ನ ಮೇಲೆಯೇ ಹಳೆಯ ಪಟ್ಟಣದ ಮುಖ್ಯಬೀದಿ ಕೋಟೆಯಿಂದ ಹೋಲಿರೂಡ್ ಅರಮನೆಯವರೆಗೆ ಇಳಿಯುತ್ತದೆ. ಅದರ ಎರಡೂ ಪಕ್ಕಕ್ಕೆ ಮೀನಿನ ಮುಳ್ಳಿನಂತೆ ಕವಲೊಡೆಯುವ ಓಣಿಗಳಿಗೆ ಅಲ್ಲಿಯವರು 'ಕ್ಲೋಸ್' ಎನ್ನುತ್ತಾರೆ. ಕೆಲವು ಓಣಿಗಳಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು.

ಪ್ರವಾಸಿಗರಿಗೆ ಇಲ್ಲಿ ರಾಣಿ ಮೇರಿಯ ಕಥೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅದೇ ಕಾಲದಲ್ಲಿ ಈ ಪಟ್ಟಣದಲ್ಲಿ ಬೆಳೆದು, ಲೇಖನಿಯೊಂದನ್ನೇ ನಂಬಿ ಬದುಕಿದ ಎಸ್ತರ್ ಇಂಗ್ಲಿಸ್ ಎಂಬಾಕೆಯ ಹೆಸರು ಹೇಳುವವರು ಮಾತ್ರ ಕಡಿಮೆ.

ಎಸ್ತರ್ ಹುಟ್ಟಿದ್ದು 1571ರ ಸುಮಾರಿಗೆ. ತಂದೆ ನಿಕೊಲಾ ಲಾಂಗ್ಲ್ವಾ, ತಾಯಿ ಮರಿ ಪ್ರೆಸೊ. ಫ್ರಾನ್ಸಿನಲ್ಲಿ ಪ್ರಾಟೆಸ್ಟಂಟರಿಗೆ ಉಳಿಗಾಲವಿಲ್ಲದಂತಾದಾಗ ಊರು ಬಿಟ್ಟು ಬಂದ ನಿರಾಶ್ರಿತರು. 1574ರ ಸುಮಾರಿಗೆ ಅವರು ಎಡಿನ್‌ಬರೋ ಸೇರಿದ್ದರು. ಇಲ್ಲಿ ತಂದೆ ಫ್ರೆಂಚ್ ಶಾಲೆ ನಡೆಸಿದರು, ರಾಜ 6ನೇ ಜೇಮ್ಸನಿಂದ ಅವರಿಗೆ ವರ್ಷಾಶನವೂ ದೊರೆಯಿತು. 'ಲಾಂಗ್ಲ್ವಾ' ಎಂದರೆ ಇಂಗ್ಲಿಷಿನವನು ಎಂದರ್ಥ. ಅದು ಸ್ಕಾಟರ ಬಾಯಲ್ಲಿ 'ಇಂಗ್ಲಿಸ್' ಆಯಿತು. ಫ್ರಾನ್ಸಿನಿಂದ ಬಂದು ಸ್ಕಾಟ್ಲೆಂಡಿನಲ್ಲಿ ನೆಲೆಸಿದ ಹುಡುಗಿಗೆ ಇಂಗ್ಲೆಂಡಿನ ಹೆಸರು!

ಅಕ್ಷರ ತಿದ್ದಿಸಿದ್ದು ತಾಯಿ. ಮರಿ ಸ್ವತಃ ನುರಿತ ಬರಹಗಾರ್ತಿ. ಮಗಳು 1586ರಲ್ಲಿ, ಅಂದರೆ ನಮ್ಮ ಹತ್ತನೆಯ ತರಗತಿಯ ಹುಡುಗಿಯರ ವಯಸ್ಸಿನಲ್ಲಿ, ಬಗೆಬಗೆಯ ಲಿಪಿಗಳ ಮಾದರಿ ಪುಸ್ತಕವೊಂದನ್ನು ಬರೆದು ಮುಗಿಸಿದ್ದಳು.

ಆಕೆಯ ಕೈಯಲ್ಲಿದ್ದುದು ಹಕ್ಕಿಯ ಗರಿ. ಹೆಬ್ಬಾತಿನ ರೆಕ್ಕೆಯ ಗರಿಯನ್ನು ಬಿಸಿ ಮರಳಿನಲ್ಲಿಟ್ಟು ಗಟ್ಟಿಮಾಡಿ, ಸಣ್ಣ ಚಾಕುವಿನಿಂದ ತುದಿ ಕೊರೆದು, ನಡುವೆ ಸೀಳುತ್ತಿದ್ದರು. ಬಹಳ ಸಣ್ಣ ಅಕ್ಷರಕ್ಕೆ ಕಾಗೆಯ ಗರಿಯನ್ನು ಬಳಸುವ ರೂಢಿಯೂ ಇತ್ತು. ಆ ಕಾಲದ ಶಾಯಿಯ ಸಾಮಗ್ರಿ ನಮ್ಮ ಗಂಧಿಗೆ ಅಂಗಡಿಯವರಿಗೂ ಹೊಸದಲ್ಲ: ಮಾಚಿಕಾಯಿ, ಅನ್ನಭೇದಿ ಮತ್ತು ಗೋಂದು. ಓಕ್ ಮರದ ಚಿಗುರಿನಲ್ಲಿ ಒಂದು ಜಾತಿಯ ಕಣಜ ಮೊಟ್ಟೆಯಿಟ್ಟಾಗ ಮರ ಅದರ ಸುತ್ತ ಬೆಳೆಸುವ ಗಂಟೇ ಮಾಚಿಕಾಯಿ. ಅದರಲ್ಲಿ ಟ್ಯಾನಿನ್ ತುಂಬಿರುತ್ತದೆ. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಎರಡೂ ಕೂಡಿದ ದ್ರವ ಬರೆಯುವಾಗ ಮಸುಕಾಗಿದ್ದು, ಗಾಳಿಯ ಆಮ್ಲಜನಕ ತಾಗಿದಂತೆ ಕಪ್ಪಾಗುತ್ತದೆ. ಬರೆದದ್ದು ಸರಿಯಾಗಿ ಕಾಣುವ ಹೊತ್ತಿಗೆ ಅದು ಕಾಗದದ ನಾರಿನೊಳಗೆ ಇಳಿದಾಗಿರುತ್ತದೆ. ಒಂದು ಅಕ್ಷರ ತಪ್ಪಿದರೆ ಚಾಕುವಿನಿಂದ ಕೆರೆದು ತೆಗೆಯುವುದೇ ಗತಿ. ಶಾಯಿಯ ಪ್ರಮಾಣ ಹದ ತಪ್ಪಿದರೆ ಅದರ ಆಮ್ಲ ನೂರಾರು ವರ್ಷಗಳಲ್ಲಿ ಕಾಗದವನ್ನೇ ತಿಂದುಹಾಕುತ್ತದೆ. ಗ್ರಂಥಾಲಯಗಳು ಇಂಥ ಹಸ್ತಪ್ರತಿಗಳನ್ನು ಮಂದ ಬೆಳಕಿನಲ್ಲಿ, ಲೆಕ್ಕದ ತೇವಾಂಶದಲ್ಲಿ ಜೋಪಾನ ಮಾಡುವುದು ಸುಮ್ಮನೆ ಅಲ್ಲ.

ಎಡಿನ್‌ಬರೋಗೆ ಅಚ್ಚುಕೂಟ ಬಂದದ್ದು 1508ರಲ್ಲಿ. ಹಾಗಿದ್ದೂ ಕೈಬರಹದ ಪುಸ್ತಕ ಯಾರಿಗೆ ಬೇಕಿತ್ತು? ಅಚ್ಚಿನ ಪುಸ್ತಕ ನೂರಾರು ಜನರದ್ದು, ಕೈಬರಹದ್ದು ಒಬ್ಬರಿಗೇ ಸಲ್ಲುವಂಥದ್ದು. ಅದರ ಬೆಲೆ ಇದ್ದದ್ದು ಅಲ್ಲಿಯೇ. ತಮಾಷೆಯೆಂದರೆ, ಎಸ್ತರ್ ತನ್ನ ಲೇಖನಿಯಿಂದ ಅಚ್ಚಿನ ಮೊಳೆಗಳನ್ನೇ ಅನುಕರಿಸಿ, ನೋಡಿದವರು ಅಚ್ಚೇ ಎಂದು ಮೋಸಹೋಗುವಂತೆ ಬರೆಯುತ್ತಿದ್ದಳು. 1599ರ ಸೊಲೊಮನ್ನನ ಜ್ಞಾನೋಕ್ತಿಗಳ ಪುಸ್ತಕದಲ್ಲಿ ಸುಮಾರು ನಲವತ್ತು ಶೈಲಿಯ ಅಕ್ಷರಗಳಿವೆ. ಕನ್ನಡಿ ಹಿಡಿದು ಓದಬೇಕಾದ ತಿರುವುಮುರುವು ಬರಹವನ್ನೂ ಆಕೆ ಬಲ್ಲವಳಾಗಿದ್ದಳು. ಕೆಲವು ಪುಸ್ತಕಗಳಂತೂ ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. 1606ರ ನಂತರ ಪುಟಗಳಲ್ಲಿ ಬಣ್ಣದ ಹೂಗಳು, ಚಿಟ್ಟೆಗಳು ಬಂದವು. ಕೆಲವಕ್ಕೆ ಮಖಮಲ್ಲಿನ ಮೇಲೆ ಮುತ್ತಿನ ಕಸೂತಿ ಹಾಕಿದ ಹೊದಿಕೆ.

ಆದರೆ ಇದು ಅಂಗಡಿಯಲ್ಲಿಟ್ಟು ಮಾರುವ ಸರಕಲ್ಲ. ಪುಸ್ತಕವನ್ನು ದೊಡ್ಡವರಿಗೆ ಕಾಣಿಕೆಯಾಗಿ ಒಪ್ಪಿಸಬೇಕು, ಅವರು ಮೆಚ್ಚಿ ಏನಾದರೂ ಕೊಟ್ಟಾರೆಂದು ಕಾಯಬೇಕು. ಇಂಗ್ಲೆಂಡಿನ ರಾಣಿ 1ನೇ ಎಲಿಜಬೆತ್, ರಾಜಕುಮಾರ ಹೆನ್ರಿ ಮೊದಲಾದವರಿಗೆ ಆಕೆಯ ಪುಸ್ತಕಗಳು ಸಂದವು. ಈ ನಂಬಿಕೆ ಎಷ್ಟು ತೆಳುವಾದದ್ದೆಂಬುದಕ್ಕೆ ಮೇಲೆ ಹೇಳಿದ ಜ್ಞಾನೋಕ್ತಿಗಳ ಪುಸ್ತಕವೇ ಸಾಕು. ಅದನ್ನು ಅರ್ಪಿಸಿದ್ದು ಎಸೆಕ್ಸ್ ಪ್ರಭುವಿಗೆ. 1601ರಲ್ಲಿ ರಾಜದ್ರೋಹದ ಆರೋಪದ ಮೇಲೆ ಆತನ ತಲೆ ತೆಗೆದರು.

1596ರ ಸುಮಾರಿಗೆ ಎಸ್ತರ್ ಬಾರ್ತಲೊಮ್ಯೂ ಕೆಲ್ಲೊನನ್ನು ಮದುವೆಯಾದಳು. ಸ್ಕಾಟ್ ಪದ್ಧತಿಯಂತೆ ತವರಿನ ಹೆಸರನ್ನೇ ಉಳಿಸಿಕೊಂಡಳು. 1603ರಲ್ಲಿ ಜೇಮ್ಸ್ ಇಂಗ್ಲೆಂಡಿಗೂ ರಾಜನಾಗಿ ಆಸ್ಥಾನವೆಲ್ಲ ಲಂಡನ್ನಿಗೆ ಹೋದಾಗ ದಂಪತಿಗಳೂ ಆ ಕಡೆಗೇ ಹೊರಟರು. ಬಳಿಕ ಗಂಡ ಎಸೆಕ್ಸ್ ಪ್ರಾಂತದಲ್ಲಿ ಪಾದ್ರಿಯಾದ. 1615ರಲ್ಲಿ ಅವರು ಮತ್ತೆ ಎಡಿನ್‌ಬರೋಗೆ ಮರಳಿದರು. ಇಷ್ಟೆಲ್ಲ ಓಡಾಟದ ನಡುವೆ, ಮಕ್ಕಳನ್ನು ಹೆತ್ತು ಸಾಕುತ್ತಾ ಬರೆದ ಪುಸ್ತಕಗಳಲ್ಲಿ ಇಂದಿಗೆ ಸುಮಾರು 60 ಉಳಿದಿವೆ. ಮಗ ಸ್ಯಾಮ್ಯುಯೆಲ್‌ನ ಸಲುವಾಗಿ ನೆರವು ಕೋರಿ 1620ರಲ್ಲಿ ಆಕೆ ರಾಜನಿಗೇ ಪತ್ರ ಬರೆದಳು. ಹೊಗಳಿಕೆಯ ಪತ್ರಗಳನ್ನು ಬರೆದು ಪಳಗಿದ್ದ ಕೈ, ತಾಯಿಯಾಗಿ ಬೇಡುವುದಕ್ಕೂ ಹಿಂಜರಿಯಲಿಲ್ಲ.

ಆಕೆಯ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. ಹಲವು ಪುಸ್ತಕಗಳಲ್ಲಿ ಎಸ್ತರ್ ತನ್ನ ಚಿತ್ರವನ್ನು ತಾನೇ ಬರೆದಿಟ್ಟಿದ್ದಾಳೆ: ಮೇಜಿನ ಮುಂದೆ, ಕೈಯಲ್ಲಿ ಲೇಖನಿ ಹಿಡಿದು. ಒಂದರ ಮೇಲೊಂದು ಅಡ್ಡಲಾಗಿಟ್ಟ ಎರಡು ಹೊಂಬಣ್ಣದ ಗರಿಗಳು, ಜತೆಗೆ 'ಲೇಖನಿ ಬಾಳಲಿ' ಎಂಬರ್ಥದ ಫ್ರೆಂಚ್ ಮಾತು ಆಕೆಯ ಲಾಂಛನವಾಗಿತ್ತು. ಮುನ್ನುಡಿಗಳಲ್ಲಿ ತಾನು ಬರಿಯ ಅಬಲೆಯೆಂದು ವಿನಯ ತೋರುತ್ತಾಳೆ, ಪುಟ ತಿರುಗಿಸಿದರೆ ಮುಖವೆತ್ತಿ ಕುಳಿತಿರುತ್ತಾಳೆ! ಆ ವಿನಯವನ್ನು ಪೂರ್ತಿ ನಂಬಬೇಕಾಗಿಲ್ಲ.

ನೋಡಬಯಸುವವರು ಮುಖ್ಯಬೀದಿಯಿಂದ ತಿರುಗಿ 4ನೇ ಜಾರ್ಜ್ ಸೇತುವೆಯ ಮೇಲಿರುವ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬಹುದು. ಆಕೆಯ ಕೆಲವು ಹಸ್ತಪ್ರತಿಗಳು ಅಲ್ಲಿವೆ, ಇನ್ನು ಕೆಲವು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿವೆ. 1595ರಲ್ಲಿ ಬರೆದ ಎಸ್ತರಳ ತೈಲಚಿತ್ರವೊಂದು ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ಬರೆದ ಕಲಾವಿದನ ಹೆಸರು ಉಳಿದಿಲ್ಲ.

ಅಲ್ಲಿಂದ ಉತ್ತರಕ್ಕೆ ನಾಲ್ಕು ಕಿಲೋಮೀಟರಿನೊಳಗೆ ಲೀತ್ ಬಂದರು. ಲೀತ್ ಹೊಳೆ ಸಮುದ್ರ ಸೇರುವ ಜಾಗ. ಹಳೆಯ ಗೋದಾಮುಗಳ ಎದುರು ಈಗ ಹೋಟೆಲುಗಳ ಸಾಲು. 1624ರ ಆಗಸ್ಟ್ 30ರಂದು ಎಸ್ತರ್ ತೀರಿಕೊಂಡದ್ದು ಇಲ್ಲಿಯೇ, ಸಾಲ ಉಳಿಸಿ. ಅದೇ ವರ್ಷ ಆಕೆ ರಾಜಕುಮಾರ ಚಾರ್ಲ್ಸ್‌ನಿಗಾಗಿ 50 ಸಾಂಕೇತಿಕ ಚಿತ್ರಗಳ ಪುಸ್ತಕವನ್ನು ಲೇಖನಿಯಿಂದಲೇ ರಚಿಸಿದ್ದಳು. ಒಂದೊಂದು ಚಿತ್ರವೂ ಆಸ್ಥಾನದ ಒಬ್ಬೊಬ್ಬ ಗಣ್ಯರಿಗೆ ಅರ್ಪಿತ. ಮರುವರ್ಷ ಚಾರ್ಲ್ಸ್ ಪಟ್ಟವೇರಿದ. ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.